ಮುಂದಿನ ಸೀಟು

ಫೆಬ್ರವರಿ 4, ಮಂಗಳವಾರ

ಇವತ್ತಿನಿಂದ ಶುರು. ಅಕ್ಕನ ತೊಡೆಗೂ ನನ್ನ ತೊಡೆಗೂ ಒಂದೇ ಪಟ್ಟಿ ಕಟ್ಟಿಕೊಂಡು ಕೊಳಕ್ಕಿಳಿದೆವು. ಪಟ್ಟಿ ನಾನೇ ಹೊಲಿದದ್ದು. ಅಂಗಡಿಯಲ್ಲಿ ಪ್ಯಾಂಟಿನ ಸೊಂಟಕ್ಕೆ ಹಾಕುವ ಅಗಲದ ಎಲಾಸ್ಟಿಕ್, ಎರಡು ಕಡೆಗೂ ಕಾಲು ತೂರಿಸುವಷ್ಟು ಕುಣಿಕೆ. ದಿನವಿಡೀ ಊರವರ ಬಟ್ಟೆ ಉದ್ದ ಗಿಡ್ಡ ಮಾಡಿಕೊಂಡಿದ್ದ ನನ್ನ ಕಸುಬು ಒಂದು ದಿನ ಹೀಗೆ ನೀರಿಗೆ ಬೀಳುತ್ತೆ ಅಂತ ಅಂದುಕೊಂಡಿರಲಿಲ್ಲ.

ಅಕ್ಕ ಸಿಟಿ ಬಸ್ಸು ಓಡಿಸುತ್ತಿದ್ದವಳು. ಆರು ವರ್ಷದ ಹಿಂದೆ ಕಣ್ಣಿನ ಡಾಕ್ಟರು, ಕಣ್ಣೊಳಗಿನ ಪರದೆ ಅಂಚಿನಿಂದ ಸಾಯುತ್ತಾ ಬರ್ತಿದೆ, ಇದಕ್ಕೆ ಮದ್ದಿಲ್ಲ, ವಂಶದಲ್ಲಿ ಬರೋದು ಅಂದರು. ಸ್ಟೀರಿಂಗ್ ಬಿಟ್ಟಳು, ಬಾಡಿಗೆ ಮನೆ ಬಿಟ್ಟಳು, ನಮ್ಮ ಮನೆಯ ಮುಂದಿನ ಕೋಣೆಗೆ ಬಂದಳು. ಈಗ ಅವಳಿಗೆ ಕಾಣುವುದು ಪೈಪಿನೊಳಗಿಂದ ನೋಡಿದಷ್ಟು. ಎದುರಿಗೆ ಒಂದು ಮುಖ ಹಿಡಿಸುವಷ್ಟು ಜಾಗ, ಸುತ್ತ ಏನೂ ಇಲ್ಲ. ಆಗ ನನ್ನ ಕಣ್ಣನ್ನೂ ನೋಡಿದ್ದರು. ಏನೂ ಇಲ್ಲ, ಆರಾಮಾಗಿರಿ ಅಂದಿದ್ದರು.

ಜೂನ್ ಎಂಟಕ್ಕೆ ಕೆರೆಯಂಗಳದಲ್ಲಿ ಸ್ಪರ್ಧೆ. ಮೊದಲು ಈಜು, ಈಜಿನಿಂದ ಎದ್ದು ಸೈಕಲ್, ಸೈಕಲಿನಿಂದ ಇಳಿದು ಓಟ. ನಾನು ಒಂಟಿಯಾಗಿ ಎರಡು ಸಲ ಮಾಡಿದ್ದೇನೆ, ಎರಡು ಸಲವೂ ಹಿಂದಿನಿಂದ ಎಣಿಸಿದರೆ ಬೇಗ ಸಿಗುವ ಜಾಗ. ಈ ಸಲ ಕಣ್ಣು ಕಾಣದವರ ವಿಭಾಗದಲ್ಲಿ ಅಕ್ಕ, ಅವಳಿಗೆ ದಾರಿ ತೋರಿಸುವವಳು ನಾನು. ಪೈಪು ಪೂರ್ತಿ ಮುಚ್ಚೋದರೊಳಗೆ ಒಂದೇ ಒಂದು ಸಲ ಅಂತ ಅಕ್ಕನ ಆಸೆ.

ನೀರು ಕೊರೆಯುತ್ತಿತ್ತು. ಮೂರನೇ ಸುತ್ತಿಗೆ ಎಡಗಡೆಯಿಂದ ಒಬ್ಬ ದಪ್ಪನೆಯ ಮನುಷ್ಯ ಎಲ್ಲಿಂದ ಬಂದನೋ, ಸೀದಾ ಡಿಕ್ಕಿ. ಮೂಗಿಗೆ ಅವನ ಮೊಣಕೈ. ಕ್ಷಮೆ ಕೇಳಿದ್ದು ಅವನೇ, ಆದರೂ ನಾನೇ ತಪ್ಪು ಮಾಡಿದವಳ ಹಾಗೆ ನೋಡಿಕೊಂಡು ಹೋದ.


ಫೆಬ್ರವರಿ 9, ಭಾನುವಾರ

ಜೋಡಿ ಸೈಕಲ್ ಬಂತು. ಕ್ಲಬ್ಬಿನದು, ನಮ್ಮ ಕೋಚು ವ್ಯಾನಿನಲ್ಲಿ ಹಾಕಿಕೊಂಡು ಬಂದರು. ಕೋಚಿನ ಕುತ್ತಿಗೆಯಲ್ಲಿ ಸದಾ ಒಂದು ಸಿಳ್ಳೆ ನೇತಾಡುತ್ತಿರುತ್ತೆ, ಹಾಗಾಗಿ ಎಲ್ಲರ ಬಾಯಲ್ಲೂ ಅವರು ಸಿಳ್ಳೆ ಸಾರ್.

ಮುಂದಿನ ಸೀಟಿನವಳ ಕೈಲಿ ಹ್ಯಾಂಡಲ್, ಬ್ರೇಕು, ಗೇರು ಎಲ್ಲಾ. ಹಿಂದಿನವಳಿಗೆ ಬರೀ ಪೆಡಲ್ಲು ಮತ್ತು ನಂಬಿಕೆ. ಸಿಳ್ಳೆ ಸಾರ್ ಇದನ್ನು ಹೇಳಿ ಮುಗಿಸುವ ಮೊದಲೇ ಅಕ್ಕನ ಮುಖ ಹುಳ್ಳಗಾಯಿತು.

"ಐವತ್ತು ಜನಾನ ಹಿಂದೆ ಕೂರಿಸ್ಕೊಂಡು ಊರೆಲ್ಲ ತಿರುಗಿದೋಳು ನಾನು. ಈಗ ನೀನು ನನ್ನನ್ನ ಹಿಂದೆ ಕೂರಿಸ್ತೀಯ."

"ಟಿಕೆಟ್ ತಗೊಂಡು ಕೂತ್ಕೋ. ಚಿಲ್ಲರೆ ಇಟ್ಕೊಂಡಿರು."

ನಕ್ಕಳು. ಆಮೇಲೆ ರಸ್ತೆಯುದ್ದಕ್ಕೂ ನಾವು ಕುಡಿದವರ ಹಾಗೆ ಹೋದೆವು. ಅವಳು ಬಲಕ್ಕೆ ವಾಲಿದರೆ ನಾನು ಎಡಕ್ಕೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಇವರು, "ಒಬ್ರು ಸೊಸೆ, ಒಬ್ರು ಅತ್ತೆ ಇದ್ದಂಗಿದೀರ" ಅಂದರು. ಇವರಿಗೆ ಗೋಡೆಗೆ ಬಣ್ಣ ಬಳಿಯುವ ಕೆಲಸ. ಭಾನುವಾರವೂ ಕಿವಿಯ ಮೇಲೊಂದು ಬಿಳಿ ಚುಕ್ಕೆ ಇದ್ದೇ ಇರುತ್ತೆ.


ಫೆಬ್ರವರಿ 20, ಗುರುವಾರ

ಅಂಗಡಿಯಲ್ಲಿ ಕತ್ತರಿಸುವ ಮೇಜಿನ ಮೂಲೆ ಸೊಂಟಕ್ಕೆ ತಗುಲಿ ಮತ್ತೆ ನೀಲಿಗಟ್ಟಿದೆ. ಅದೇ ಜಾಗ. "ಆ ಮೇಜಿಗೂ ನಿನಗೂ ಹೋದ ಜನ್ಮದ ವೈರ ಕಣೇ" ಅಂತ ಇವರು. ಸುಸ್ತಿಗೆ ಕಾಲು ಎಲ್ಲಿಡ್ತೀನಿ ಅನ್ನೋ ಪರಿವೆ ಇರಲ್ಲ. ನಿದ್ದೆ ಸಾಲ್ತಿಲ್ಲ.


ಮಾರ್ಚ್ 5, ಬುಧವಾರ

ಓಟ. ಅಂಗಡಿ ಮುಗಿಸಿ ಮನೆಗೆ ಬಂದು ಹೊರಡುವಾಗ ಹೊತ್ತು ಮುಳುಗುತ್ತಿತ್ತು. ಓಡುವಾಗ ಪಟ್ಟಿ ಕೈಯಲ್ಲಿರುತ್ತೆ. ನಾನು ಬಾಯಿ ಬಿಟ್ಟು ಎಲ್ಲಾ ಹೇಳ್ತಾ ಹೋಗಬೇಕು. ಮುಂದೆ ಹಳ್ಳ, ಬಲಕ್ಕೆ ತಿರುವು, ನಾಯಿ ಮಲಗಿದೆ, ಎದುರಿಗೆ ಅಜ್ಜ.

ಎರಡನೇ ಸುತ್ತಿನಲ್ಲಿ ರಸ್ತೆಯ ಉಬ್ಬು ಎಡವಿ ನಾನೇ ಮುಗ್ಗರಿಸಿದೆ. ಅಕ್ಕ ಪಟ್ಟಿ ಜಗ್ಗಿ ಹಿಡಿದಳು, ಇಲ್ಲದಿದ್ದರೆ ಮುಖ ಕೆಳಗೆ. ಈ ರಸ್ತೆಗೆ ದೀಪ ಹಾಕುವವರು ಯಾರೂ ಇಲ್ಲ. ಬಂದು ಇವರ ಹತ್ತಿರ ಗೊಣಗಿದೆ, ಕಂಬ ಇದೆ, ದೀಪ ಇಲ್ಲ ಅಂದರೆ ಹೇಗೆ ಅಂತ.

"ಹಾಕಿದಾರಲ್ಲ. ನಾನು ಬರೋವಾಗ ಎಲ್ಲಾ ಉರೀತಿತ್ತು."

"ಉರಿದ್ರೆ ಆಯ್ತಾ? ಬೆಳಕು ಬೇಡ್ವಾ?"

ಅಕ್ಕ ಪಕ್ಕದಲ್ಲೇ ಕೂತು ಶೂ ಬಿಚ್ಚುತ್ತಿದ್ದಳು. ಬಾಯಿ ಹಾಕಲಿಲ್ಲ. ಬೀದಿದೀಪದ ಜಗಳದಲ್ಲಿ ಅವಳಿಗೇನು ಪಾಲು ಪಾಪ.


ಮಾರ್ಚ್ 16, ಭಾನುವಾರ

ದೊಡ್ಡ ಸವಾರಿ, ಕೆರೆಯ ತನಕ ಹೋಗಿ ವಾಪಸ್ಸು. ಈಗ ವಾಲಾಟ ನಿಂತಿದೆ. ಇಬ್ಬರ ಕಾಲೂ ಒಂದೇ ತಾಳಕ್ಕೆ ಬೀಳುತ್ತೆ, ಒಂದೊಂದು ಸಲ ಉಸಿರೂ.

ಆದರೆ ಅಕ್ಕನ ಬಸ್ಸಿನ ಚಾಳಿ ಹೋಗಿಲ್ಲ. ವಾಪಸ್ಸು ಬರುವಾಗ ಎಡಗಡೆ ಸಂದಿಯಿಂದ ಒಂದು ಹಾಲಿನ ವ್ಯಾನು ನುಗ್ಗಿತು. "ಎಡಕ್ಕೆ ಗಾಡಿ! ಹಿಡಿ! ಹಿಡಿ!" ಅಂತ ಅವಳು ಇಂಜಿನ್ ಸದ್ದಿಗೇ ಕಿರುಚಿದಳು. ಬ್ರೇಕು ಹಿಡಿದೆ. ವ್ಯಾನಿನ ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಮುಂದೆ ಕೂತಿರೋ ಅಮ್ಮನಿಗೆ ಕಣ್ಣು ಇಲ್ವಾ?" ಅಂದ. ಅಕ್ಕನ ಬೆನ್ನಿಗೆ ಅಂಟಿಸಿರುವ ಅಂಧರು ಅನ್ನುವ ಚೀಟಿ ಅವನಿಗೆ ಕಂಡಿರಲಿಕ್ಕಿಲ್ಲ. ಅವನ ಮಾತಿಗೆ ನನಗೇ ನಗು ಬಂತು. ಅಕ್ಕ ನಗಲಿಲ್ಲ.

ಅಲ್ಲಿಂದ ಮನೆ ತನಕ ಕಂಡಕ್ಟರಿಕೆ. ಎಡಗಡೆ ಸ್ಕೂಟರು. ಎಡಗಡೆ ಮಕ್ಕಳು. ಎಡಗಡೆ ಯಾರೋ ಬಾಗಿಲು ತೆಗೀತಿದಾರೆ. ಕೊನೆಗೆ ರೇಗಿತು. "ಅಕ್ಕ, ಓಡಿಸ್ತಿರೋದು ನಾನು. ನನಗೂ ಕಣ್ಣಿದೆ."

"ಸರಿ" ಅಂದಳು. ಮುಂದಿನ ತಿರುವಿನಲ್ಲಿ ಮತ್ತೆ ಶುರು.


ಮಾರ್ಚ್ 29, ಶನಿವಾರ

ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಅಕ್ಕ ಮಂಚದ ಮೇಲೆ ಕೂತು ಕೈಯನ್ನು ಮುಖದ ಮುಂದೆ ಹಿಡಿದುಕೊಂಡಿದ್ದಳು. ಹತ್ತಿರ ತರೋದು, ದೂರ ಮಾಡೋದು.

"ಬಾ ಇಲ್ಲಿ. ಎದುರಿಗೆ ನಿಂತ್ಕೋ."

ನಿಂತೆ. ತಲೆಯನ್ನು ಅತ್ತ ಇತ್ತ ತಿರುಗಿಸಿ ನನ್ನನ್ನು ಹುಡುಕಿದಳು. ಅಂಗೈಯಿಂದ ನನ್ನ ಕೆನ್ನೆ ಹಿಡಿದು ತನಗೆ ಬೇಕಾದ ಕಡೆ ಇಟ್ಟುಕೊಂಡಳು, ಹಳೇ ರೇಡಿಯೋದ ಮುಳ್ಳು ತಿರುಗಿಸಿದ ಹಾಗೆ.

"ನೆನ್ನೆ ತನಕ ಮೂಗು ಇತ್ತು. ಇವತ್ತು ಬೆಳಕು ಅಷ್ಟೇ."

"ನಿದ್ದೆಗಣ್ಣು ಇರಬೇಕು ಅಕ್ಕ. ಸ್ವಲ್ಪ ಹೊತ್ತು ಬಿಟ್ಟು ನೋಡು."

ಸ್ವಲ್ಪ ಹೊತ್ತು ಬಿಟ್ಟು ನೋಡಿದಳು. ಮಧ್ಯಾಹ್ನ ನೋಡಿದಳು. ಸಂಜೆ ನಾನು ಅಂಗಡಿಯಿಂದ ಬಂದಾಗ ನೋಡುವುದನ್ನು ಬಿಟ್ಟಿದ್ದಳು. ಇವರು ಏನೋ ತಮಾಷೆ ಮಾಡಲು ಬಾಯಿ ತೆರೆದು, ಮುಚ್ಚಿಕೊಂಡು, ಪೇಟೆಗೆ ಹೋಗಿ ಅಕ್ಕನಿಗೆ ಇಷ್ಟ ಅಂತ ಒಂದು ಚೀಲ ದ್ರಾಕ್ಷಿ ತಂದರು. ಅದು ಮೇಜಿನ ಮೇಲೇ ಇದೆ.

ಸ್ಪರ್ಧೆ ಬಿಡೋಣ್ವಾ ಅಂತ ಕೇಳಿದೆ. "ಯಾಕೆ? ನನ್ನ ಸೀಟಿಗೆ ಕಣ್ಣು ಬೇಕಾಗಿಲ್ಲ ಅಂತ ಸಿಳ್ಳೆ ಸಾರ್ ಅವತ್ತೇ ಹೇಳಿದ್ರಲ್ಲ" ಅಂದಳು.


ಏಪ್ರಿಲ್ 8, ಮಂಗಳವಾರ

ಈಜು ಚೆನ್ನಾಗಿತ್ತು. ಅಕ್ಕನಿಗೆ ನೀರಿನಲ್ಲಿ ಯಾರ ಹಂಗೂ ಇಲ್ಲ. ನನಗೆ ಈಜು ಕಲಿಸಿದವಳೇ ಅವಳು, ಹೊಟ್ಟೆ ಕೆಳಗೆ ಕೈ ಕೊಟ್ಟು. ಇವತ್ತು ಒಂದು ಗಳಿಗೆ ಪಟ್ಟಿ ಇರುವುದೇ ಮರೆತುಹೋಗಿತ್ತು.

ಅಂಗಡಿಯಲ್ಲಿ ಅಷ್ಟು ಚೆನ್ನಾಗಿರಲಿಲ್ಲ. ಒಂದು ಕೋಟಿನ ಗುಂಡಿ ಬಿತ್ತು. ಮಂಡಿಯೂರಿ ಹುಡುಕಿದೆ, ಹುಡುಕಿದೆ. ಕೊನೆಗೆ ಯಜಮಾನಿ ಎದ್ದು ಬಂದು, "ನಿನ್ನ ಮಂಡಿ ಪಕ್ಕದಲ್ಲೇ ಇದೆಯಲ್ಲೇ, ಹಾವಾಗಿದ್ರೆ ಕಚ್ಚಿರೋದು" ಅಂದರು. ನಾಚಿಕೆಯಾಯಿತು. ಪಕ್ಕದ ಮೇಜಿನ ಹುಡುಗಿಯರು ಕಿಸಕ್ಕನೆ ನಕ್ಕರು. ಸ್ಪರ್ಧೆ ಮುಗಿಯುವ ತನಕ ಮೈಯೆಲ್ಲ ಒಂದು ಕಡೆ, ತಲೆ ಒಂದು ಕಡೆ.


ಏಪ್ರಿಲ್ 13, ಭಾನುವಾರ

ಇವತ್ತಿನಂಥ ದಿನ ಇನ್ನೊಂದು ಸಿಕ್ಕಿದರೆ ಸಾಕು. ಸೈಕಲ್ ಇಳಿದ ಕೂಡಲೇ ಓಟ. ಮೊದಲ ಕಿಲೋಮೀಟರು ಕಾಲು ನಮ್ಮದೇ ಅಲ್ಲ, ಯಾರೋ ಸಿಮೆಂಟು ತುಂಬಿಸಿ ಕಳಿಸಿದ ಹಾಗೆ. ಆಮೇಲೆ ಬಿಟ್ಟುಕೊಂಡಿತು. ಅಕ್ಕ ಓಡುತ್ತಾ ಓಡುತ್ತಾ ಬಸ್ ನಿಲ್ದಾಣಗಳ ಹೆಸರನ್ನು ಸಾಲಾಗಿ ಕೂಗಿದಳು, ಇಳಿಯೋರು ಇಳೀರಿ ಅಂತ. ದಾರಿಹೋಕರು ನಿಂತು ನೋಡಿದರು. ನಾನೂ ಕೂಗಿದೆ. ಮೂವತ್ತೇಳು ವರ್ಷದ ಹೆಂಗಸು, ಬೀದಿಯಲ್ಲಿ.

ಸಿಳ್ಳೆ ಸಾರ್ ಗಡಿಯಾರ ತೋರಿಸಿ, "ಹಿಂಗೇ ಬಂದ್ರೆ ಕೊನೆಯವರಾಗಲ್ಲ ಕಣಮ್ಮಾ" ಅಂದರು. ಅವರ ಬಾಯಲ್ಲಿ ಇದು ಸನ್ಮಾನ.


ಏಪ್ರಿಲ್ 29, ಮಂಗಳವಾರ

ಬಲಗೈ ಹೆಬ್ಬೆರಳಿಗೆ ಪಟ್ಟಿ ಸುತ್ತಿದ್ದಾರೆ, ಬರೆಯಲು ಕಷ್ಟ.

ಭಾನುವಾರ ಬಿದ್ದೆವು. ಕೆರೆಯ ದಾರಿಗೆ ಹೊರಳುವ ಕಡೆ, ಕಾರುಗಳು ನುಗ್ಗದ ಹಾಗೆ ಗಿಡ್ಡ ಸಿಮೆಂಟು ಕಂಬ ನೆಟ್ಟಿದ್ದಾರೆ. ಹ್ಯಾಂಡಲಿನ ಎಡತುದಿ ಅದಕ್ಕೆ ಹೊಡೆಯಿತು. ನಾನು ಸೈಕಲ್ಲಿನ ಜೊತೆಗೇ ಮಲಗಿದೆ, ತರಚಿದ್ದು ಬಿಟ್ಟರೆ ಏನಿಲ್ಲ. ಅಕ್ಕ ಹಾರಿಹೋದಳು. ಅವಳಿಗೆ ಬೀಳ್ತಿದೀನಿ ಅಂತ ಗೊತ್ತಾಗಲೂ ಹೊತ್ತಿರಲಿಲ್ಲ. ಕೈ ಮುಂದೆ ಕೊಡಬೇಕು ಅಂದರೆ ನೆಲ ಎಲ್ಲಿದೆ ಅಂತ ಗೊತ್ತಿರಬೇಕು.

ಅಕ್ಕನ ಕೊರಳ ಕೆಳಗಿನ ಮೂಳೆ ಮುರಿದಿದೆ. ಆರು ವಾರ ಕೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡಿರಬೇಕು. ಸ್ಪರ್ಧೆಗಿರುವುದೇ ಆರು ವಾರ.

ಸುತ್ತ ಜನ ಸೇರಿದ್ದರು. ಒಬ್ಬ ಹೆಂಗಸು ನೀರು ಕೊಟ್ಟಳು. ಇನ್ನೊಬ್ಬ, "ಅಷ್ಟು ದೊಡ್ಡದಾಗಿ ಹಳದಿ ಬಳಿದಿದಾರೆ, ಕಾಣಿಸ್ಲಿಲ್ವಾ ಅಮ್ಮಾ?" ಅಂದ. ತಿರುಗಿ ನೋಡಿದೆ. ಹೌದು, ಹಳದಿ. ಮಗು ಕೂಡ ಅಷ್ಟು ದೂರದಿಂದ ಗುರುತು ಹಿಡಿಯುವಂಥ ಹಳದಿ.

ಬಿಸಿಲು ಕಣ್ಣಿಗೆ ಹೊಡೆದಿರಬೇಕು.


ಮೇ 2, ಶುಕ್ರವಾರ

ಅಕ್ಕನ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿ ತಲೆ ಬಾಚುತ್ತಿದ್ದೆ. ಒಂದು ಕೈ ಕಟ್ಟಿರುವುದರಿಂದ ಅವಳಿಗೆ ಜಡೆ ಹಾಕಿಕೊಳ್ಳಲು ಆಗುವುದಿಲ್ಲ.

"ಆ ಕಂಬ ನಿನಗೆ ಕಾಣಿಸ್ಲಿಲ್ಲ ಅಲ್ವಾ?"

"ಬಿಸಿಲು ಹೊಡೀತು ಅಕ್ಕ. ಎಷ್ಟು ಸಲ ಹೇಳ್ಲಿ?"

"ಬಿಸಿಲು ನಮ್ಮ ಬೆನ್ನಿಗಿತ್ತು. ನನ್ನ ಕತ್ತು ಸುಡ್ತಾ ಇತ್ತು."

ನಾನು ಬಾಚುತ್ತಲೇ ಇದ್ದೆ.

"ಹಾಲಿನ ವ್ಯಾನು ಕಾಣಿಸ್ಲಿಲ್ಲ. ಕೊಳದಲ್ಲಿ ಎಡಗಡೆ ಬಂದೋರು ಕಾಣಿಸಲ್ಲ. ಕತ್ತಲಾಗ್ತಿದ್ದಂಗೆ ನಿನ್ನ ಹೆಜ್ಜೆ ಗಿಡ್ಡ ಆಗುತ್ತೆ, ಪಟ್ಟಿ ಬಿಗಿಯುತ್ತೆ. ಮನೇಲಿ ಯಾವ ಸದ್ದಾದ್ರೂ ನೀನು ಯಾವುದಕ್ಕೋ ತಗುಲಿದ ಸದ್ದು. ನನ್ನದೂ ಹೀಗೇ ಶುರುವಾಗಿದ್ದು ಕಣೇ."

"ನನ್ನ ಕಣ್ಣು ಅವತ್ತೇ ನೋಡಿದಾರೆ. ಏನೂ ಇಲ್ಲ ಅಂದಿದಾರೆ."

"ಅವತ್ತು ಇರಲಿಲ್ಲ."

ಬಾಚಣಿಗೆ ಕೆಳಗಿಟ್ಟೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

"ಯಾವಾಗಿಂದ ಗೊತ್ತು ನಿಂಗೆ?"

"ವ್ಯಾನಿನ ದಿನದಿಂದ ಅನುಮಾನ."

"ಆಮೇಲೂ ನನ್ನ ಹಿಂದೆ ಕೂತ್ಯಾ?"

"ಕೂತೆ."

"ಯಾಕೆ?"

"ಹೇಳಿದ್ರೆ ಸ್ಪರ್ಧೆ ಹೋಗ್ತಿತ್ತು. ನಾನು ಕೂಗ್ತಾ ಇದ್ರೆ ಜೂನ್ ತನಕ ಹೇಗೋ ತಳ್ಳಬಹುದು ಅಂದ್ಕೊಂಡೆ." ಆಮೇಲೆ, "ಅದೊಂದೇ ಅಲ್ಲ. ನನ್ನ ಬಾಯಿಂದ ಬಂದ್ರೆ ಅದು ನಿಜ ಆಗ್ಬಿಡುತ್ತಲ್ಲ ಅಂತ."

ಎದ್ದು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಅರ್ಧ ಹೆಣೆದ ಜಡೆ ಹಾಗೇ ಬಿಟ್ಟು ಬಂದಿದ್ದೆ. ಇವರು ಕೆಲಸದಿಂದ ಬಂದು ಅದನ್ನು ಮುಗಿಸಿದರು. ಕುಂಚ ಹಿಡಿಯುವ ಕೈ, ಜಡೆ ಹಗ್ಗದ ಹಾಗಿತ್ತು.

ಅಕ್ಕನಿಗೆ ತಲೆ ಕೆಟ್ಟಿದೆ. ಮಲಗಿ ಮಲಗಿ ಏನೇನೋ ಯೋಚನೆ ಬರುತ್ತೆ. ಮುಂದಿನ ವಾರ ಹೋಗಿ ತೋರಿಸಿಕೊಂಡು ಬಂದು ಅವಳ ಬಾಯಿ ಮುಚ್ಚಿಸುತ್ತೇನೆ.


ಮೇ 7, ಬುಧವಾರ

ಒಂದು ಬಿಳೀ ಬೋಗುಣಿಯೊಳಗೆ ಮುಖ ಇಡಬೇಕು. ನಡುವೆ ಒಂದು ಚುಕ್ಕೆ, ಅದನ್ನೇ ನೋಡ್ತಿರಬೇಕು. ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಇಷ್ಟೇ ಪರೀಕ್ಷೆ.

ಶುರುವಿನಲ್ಲಿ ಬೆಳಕು ಬಂತು, ಒತ್ತಿದೆ. ಬಂತು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಕಾದೆ. ಮಷೀನು ಕೆಟ್ಟಿರಬೇಕು ಅಂದುಕೊಂಡೆ. "ನಿಂತೋಗಿದೆ ಅನ್ಸುತ್ತೆ ನೋಡಿ" ಅಂತ ಪಕ್ಕದಲ್ಲಿ ಕೂತಿದ್ದ ನರ್ಸಿಗೆ ಹೇಳಿದೆ.

"ನಡೀತಿದೆ ಮೇಡಂ. ನೀವು ಮಧ್ಯದ ಚುಕ್ಕೇನೇ ನೋಡ್ತಿರಿ."

ಆ ಹುಡುಗಿಯ ದನಿ ಎಷ್ಟು ಮೆತ್ತಗಿತ್ತು ಅಂದರೆ ಅಲ್ಲಿಗೆ ನನಗೆ ಗೊತ್ತಾಯಿತು.

ಡಾಕ್ಟರು ಹಾಳೆ ತೋರಿಸಿದರು. ಬೆಳ್ಳಗಿರಬೇಕಾದ ಕಡೆಯೆಲ್ಲ ಕಪ್ಪು. ಎಡಗಡೆ ಜಾಸ್ತಿ, ಬಲಗಡೆಯೂ ಶುರುವಾಗಿದೆ. ನಡುವಿನದು ಚೆನ್ನಾಗಿದೆ, ಓದೋದು ಬರೆಯೋದು ಹೊಲಿಯೋದು ಸದ್ಯಕ್ಕೆ ತೊಂದರೆಯಿಲ್ಲ ಅಂದರು. ಕೆಲವರಿಗೆ ತಡವಾಗಿ ತೋರುತ್ತಂತೆ. ನಿಮ್ಮಕ್ಕನಷ್ಟು ಬೇಗ ಹೋಗದೇ ಇರಬಹುದು, ಹೋಗಲೂಬಹುದು ಅಂದರು.

"ಸೈಕಲ್?"

"ಓಡಿಸ್ಬೇಡಿ."

ಇವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತರು. ನನ್ನ ಮುಖದಲ್ಲೇ ಓದಿಕೊಂಡಿರಬೇಕು. ದಾರಿಯಲ್ಲಿ ಒಂದೂ ತಮಾಷೆ ಇಲ್ಲ. ಮೊದಲೆಲ್ಲ ನನ್ನ ಎಡಗಡೆ ನಡೆಯುತ್ತಿದ್ದರೋ ಬಲಗಡೆಯೋ ನೆನಪಿಲ್ಲ. ಇವತ್ತು ಎಡಗಡೆ ನಡೆದರು.


ಮೇ 9, ಶುಕ್ರವಾರ

ಬರೆಯಲು ಏನೂ ಇಲ್ಲ.


ಮೇ 18, ಭಾನುವಾರ

ಸಿಳ್ಳೆ ಸಾರ್ ಬಂದು ಸೈಕಲ್ ತೆಗೆದುಕೊಂಡು ಹೋದರು. ಬಾಗಿದ ಹ್ಯಾಂಡಲನ್ನು ಕೈಯಿಂದಲೇ ಅಷ್ಟಿಷ್ಟು ಸರಿ ಮಾಡಲು ನೋಡಿದರು, ಆಗಲಿಲ್ಲ.

"ಮುಂದಿನ ವರ್ಷಕ್ಕೆ ಅಕ್ಕನಿಗೆ ಬೇರೆ ಒಬ್ರನ್ನ ಜೊತೆ ಮಾಡೋಣ. ಕ್ಲಬ್ಬಲ್ಲಿ ಇಬ್ರು ಹುಡುಗೀರು ಕೇಳ್ತಿದಾರೆ" ಅಂದರು.

"ಬೇಡ ಸಾರ್" ಅಂತ ಅಕ್ಕ.

"ಯೋಚನೆ ಮಾಡಿ ಹೇಳಮ್ಮ."

"ಮಾಡಿದೀನಿ ಸಾರ್."

ನನ್ನ ಕಡೆ ತಿರುಗಿ ಏನೋ ಹೇಳಲು ಹೊರಟರು. ಕೊರಳಿನ ಸಿಳ್ಳೆ ಬಾಯಿಗೆ ಹೋಯಿತು, ಊದಲಿಲ್ಲ, ಮತ್ತೆ ಬಿಟ್ಟರು.

ಅಕ್ಕನ ಜೊತೆ ಮಾತು ಬೇಕಾದಷ್ಟಕ್ಕೆ ಮಾತ್ರ. ಊಟ ಹಾಕಿದೀನಿ. ಮಾತ್ರೆ ತಗೊಂಡ್ಯಾ. ಅವಳೂ ಅಷ್ಟೇ.


ಮೇ 27, ಮಂಗಳವಾರ

ಈಜಿನ ದಿನ. ತಾನಾಗಿ ಎಚ್ಚರವಾಯಿತು, ಎದ್ದು ಚೀಲ ಹುಡುಕುವಾಗ ನೆನಪಾಗಿ ಮತ್ತೆ ಮಲಗಿದೆ.

ಸಂಜೆ ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ಅದರ ಅಂಚಿಗೆ ಹಣೆ ಹೊಡೆದುಕೊಂಡೆ. ಅಕ್ಕ ಕೋಣೆಯಿಂದ, "ಬಾಗಿಲು ಒಂದೋ ಪೂರ್ತಿ ತೆಗೀಬೇಕು, ಇಲ್ಲ ಪೂರ್ತಿ ಮುಚ್ಚಬೇಕು. ನಿನ್ನ ಗಂಡನಿಗೂ ಹೇಳು" ಅಂದಳು. ಎಷ್ಟು ಸಲೀಸಾಗಿ ಅಂದಳು ಅಂದರೆ, ಇಬ್ಬರೂ ಇನ್ನು ಇದೇ ಮನೆಯಲ್ಲಿ ಹೀಗೇ ಇರುವವರು, ನಿಯಮ ಕಲಿತುಕೋ ಅನ್ನುವ ಹಾಗೆ.

ಬಾಯಿಗೆ ಬಂದದ್ದೆಲ್ಲ ಅಂದೆ. ನಿನಗೆ ಗೊತ್ತಿತ್ತು. ವ್ಯಾನಿನ ದಿನವೇ ಹೇಳಿದ್ದರೆ ಎರಡು ತಿಂಗಳು ಮುಂಚೆ ತೋರಿಸಬಹುದಿತ್ತು. ನಿನ್ನ ಒಂದು ಸ್ಪರ್ಧೆಗೋಸ್ಕರ ನನ್ನನ್ನು ಕುರುಡಿಯ ಹಾಗೆ ಓಡಿಸಿದೆ. ಮೂರು ತಿಂಗಳು ನಿನಗೆ ನಾನು ಕಣ್ಣಾದೆ, ನನಗೆ ಯಾರು?

"ಮುಂಚೆ ತೋರಿಸಿದ್ರೂ ಏನೂ ಆಗ್ತಿರಲಿಲ್ಲ" ಅಂದಳು ಅಕ್ಕ. "ಅದು ಗೊತ್ತಿದ್ದೇ ಸುಮ್ನಿದ್ದೆ. ಎರಡು ತಿಂಗಳು ಮುಂಚೆ ಅಳೋ ಬದಲು ಎರಡು ತಿಂಗಳು ಸೈಕಲ್ ಹೊಡೆದೆ ನೀನು."

"ನಿನ್ನ ಮೂಳೆ ಮುರೀತು."

"ಮುರೀಲಿ. ನಂದು ತಾನೇ?"

ಅಷ್ಟು ಹೇಳಿ ಅತ್ತಳು. ತನ್ನ ಕಣ್ಣು ಹೋದಾಗ ಅಳದವಳು, ಬಸ್ಸು ಬಿಟ್ಟ ದಿನ ಅಳದವಳು. "ನಂಗೆ ಬಂದಿದ್ದು ಸಾಕಾಗ್ತಿರಲಿಲ್ವಾ" ಅಂತ ಒಂದೇ ಮಾತು ಹೇಳಿಕೊಂಡು ಅತ್ತಳು. ಯಾರನ್ನು ಕೇಳ್ತಿದ್ದಳೋ ಗೊತ್ತಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ.


ಜೂನ್ 8, ಭಾನುವಾರ

ಇವರು ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದರು, ಯಾರದೋ ಗೃಹಪ್ರವೇಶಕ್ಕೆ ಮುಂಚೆ ಎರಡನೇ ಕೋಟು ಮುಗಿಸಬೇಕಂತೆ. ಊಟ ಆದಮೇಲೆ ಅಕ್ಕ ಕೋಣೆಯಿಂದ ಹೊರಗೆ ಬಂದಳು. ಜೋಳಿಗೆ ಬಿಚ್ಚಿದ್ದಳು. ಒಗೆದ ಬಟ್ಟೆ, ಶೂ, ಕೈಯಲ್ಲಿ ಬಿಳೀ ಕೋಲು.

"ನಡಿ, ಕೆರೆ ಹತ್ರ ಹೋಗಿಬರೋಣ."

"ಏನಕ್ಕೆ?"

"ಹೆಸರು ಕೊಟ್ಟಿದೀವಿ. ಮುಖ ತೋರಿಸಿ ಬರೋಣ."

ಬೇಡ ಅನ್ನಲು ಒಂದು ಕಾರಣವೂ ಸಿಗಲಿಲ್ಲ. ಬಸ್ಸು ಹತ್ತಿದೆವು. ಅಕ್ಕ ಕಿಟಕಿ ಪಕ್ಕ ಕೂತಳು, ನಾನು ಅವಳ ಪಕ್ಕ. ಒಂದು ತಿಂಗಳಿಂದ ಇಷ್ಟು ಹತ್ತಿರ ಕೂತಿರಲಿಲ್ಲ.

ಕಣ್ಣು ಕಾಣದವರ ವಿಭಾಗವನ್ನು ಮಧ್ಯಾಹ್ನಕ್ಕೆ ಇಟ್ಟಿದ್ದರು. ಧ್ವನಿವರ್ಧಕದಲ್ಲಿ ಜೋಡಿಗಳ ಹೆಸರು ಕರೆದರು, ನಮ್ಮದನ್ನೂ ಕರೆದರು. ಎರಡು ಸಲ. ಸಿಳ್ಳೆ ಸಾರ್ ಹೇಳಿದ್ದರೂ ಯಾರೋ ತೆಗೆಯಲು ಮರೆತಿರಬೇಕು. ಅಕ್ಕ ಕೈ ಎತ್ತಿದಳು, ಹಾಜರಿ ಕೂಗಿದಾಗ ಮಕ್ಕಳು ಎತ್ತುವ ಹಾಗೆ. ಯಾರೂ ನೋಡಲಿಲ್ಲ. ಇಳಿಸಿದಳು.

"ಏನಾಗ್ತಿದೆ ಹೇಳು."

ಹೇಳಿದೆ. ನೀರಿಗಿಳಿದರು. ಕೆಂಪು ಟೋಪಿಯವರು ಕಣ್ಣಿಲ್ಲದವರು, ಬಿಳಿ ಟೋಪಿಯವರು ಜೊತೆಗಾರರು. ಒಂದು ಜೋಡಿ ಅಡ್ಡ ಹೋಗ್ತಿದೆ. ಈಗ ಸರಿ ಹೋಯ್ತು. ಕೆರೆಯ ಆ ಬದಿಯಿಂದ ಈ ಬದಿ ನೋಡಬೇಕಾದರೆ ನಾನು ಪೂರಾ ತಲೆ ತಿರುಗಿಸಬೇಕಾಗುತ್ತಿತ್ತು. ಮೊದಲೂ ಹೀಗೇ ತಿರುಗಿಸುತ್ತಿದ್ದೆನೇನೋ, ಗೊತ್ತಿರಲಿಲ್ಲ ಅಷ್ಟೇ. ಗೊತ್ತಾದ ಮೇಲೆ ಪ್ರತಿ ಸಲವೂ ಗೊತ್ತಾಗುತ್ತೆ.

ಎಲ್ಲಾ ಮುಗಿದು ಜನ ಕರಗಿದರು. ಬಾವುಟ ಕಟ್ಟಿದ್ದ ಕಮಾನು ಬಿಚ್ಚುತ್ತಿದ್ದರು. ಆಗ ಒಬ್ಬ ವಯಸ್ಸಾದ ಮನುಷ್ಯ ಜೊತೆಗಾರನ ಪಟ್ಟಿ ಹಿಡಿದುಕೊಂಡು ಬಂದ. ಓಡುತ್ತಿರಲಿಲ್ಲ, ನಡೆಯುತ್ತಿದ್ದ. ಸಿಳ್ಳೆ ಸಾರ್ ಒಬ್ಬರೇ ನಿಂತು ಸಿಳ್ಳೆ ಹಾಕಿದರು.

"ಯಾರದು?" ಅಕ್ಕ ಕೇಳಿದಳು.

"ಕೊನೇ ಜೋಡಿ. ಈಗ ಬರ್ತಿದಾರೆ."

"ಟೈಮು ಕೊಡ್ತಾರಾ?"

"ಇಲ್ಲ. ಗಡಿಯಾರ ಆರಿಸಿಬಿಟ್ಟಿದಾರೆ."

"ಅವನಿಗೆ ಗೊತ್ತಾ?"

"ಜೊತೆಯವನಿಗೆ ಕಾಣಿಸ್ತಿರುತ್ತೆ. ಹೇಳಿದಾನೋ ಇಲ್ವೋ."

ಅಕ್ಕ ಆ ಕಡೆ ಮುಖ ತಿರುಗಿಸಿದಳು. "ಹೇಳಿರಲ್ಲ" ಅಂದಳು.

ಸಿಳ್ಳೆ ಸಾರ್ ವ್ಯಾನಿನಲ್ಲಿ ಬಿಡ್ತೀನಿ ಅಂದರು. ಅಕ್ಕ ಬೇಡ ಅಂದಳು, ಬಸ್ಸು ಇದೆಯಲ್ಲ. ಬಸ್ಸು ಬರಲು ತಡವಾಯಿತು. ನಮ್ಮ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಮುಸ್ಸಂಜೆ. ಬಸ್ಸು ಹೋಯಿತು, ಅದರ ಬೆಳಕೂ ಹೋಯಿತು, ನಾನು ನಿಂತಲ್ಲೇ ನಿಂತೆ. ಎದುರಿನ ರಸ್ತೆ, ಚರಂಡಿ, ಗೋಡೆ ಎಲ್ಲಾ ಒಂದೇ ಬಣ್ಣಕ್ಕೆ ಕಲಸಿಹೋಗಿತ್ತು.

"ಯಾಕೆ ನಿಂತೆ?"

"ಸುಮ್ನೆ."

"ಎಷ್ಟು ಕಾಣಿಸ್ತಿದೆ? ನಿಜ ಹೇಳು."

ಡಾಕ್ಟರಿಗೆ ಹೇಳಿರಲಿಲ್ಲ, ಇವರಿಗೆ ಹೇಳಿರಲಿಲ್ಲ, ಇಲ್ಲೂ ಬರೆದಿರಲಿಲ್ಲ. "ದೀಪ ಕಾಣ್ಸುತ್ತೆ ಅಕ್ಕ. ದೀಪದ ಕೆಳಗೆ ಏನಿದೆ ಅಂತ ಗೊತ್ತಾಗಲ್ಲ."

"ಸರಿ. ನನ್ನ ತೋಳು ಹಿಡ್ಕೋ. ಅಷ್ಟು ಮೇಲೆ ಅಲ್ಲ, ಮೊಣಕೈಗಿಂತ ಸ್ವಲ್ಪ ಮೇಲೆ. ಜಗ್ಗಬೇಡ, ಅದು ಮುರಿದಿರೋ ಕಡೆ. ಈ ಕಡೆ ಬಾ. ನನಗಿಂತ ಅರ್ಧ ಹೆಜ್ಜೆ ಹಿಂದೆ ಇರು."

ಕೋಲು ಮುಂದೆ ಟಕ್ ಟಕ್ ಅನ್ನುತ್ತಾ ಹೋಯಿತು. ಮೆಟ್ಟಿಲು ಅಂದಳು, ಇಳಿದೆ. ಕಲ್ಲು ಅಂದಳು, ಸರಿದೆ. ಇಲ್ಲಿ ಬಗ್ಗು, ಮರದ ಕೊಂಬೆ ಇದೆ ಅಂದಳು. ದಿನಕ್ಕೆರಡು ಸಲ ಓಡಾಡುವ ಬೀದಿಯಲ್ಲಿ ಕೊಂಬೆ ಇರುವುದು ನನಗೆ ಗೊತ್ತೇ ಇರಲಿಲ್ಲ. ಅವಳ ಮೇಲಿನ ಸಿಟ್ಟು ಹೋಗಿರಲಿಲ್ಲ, ಹಾಗೇ ಇತ್ತು, ಅದನ್ನೂ ಹಿಡಿದುಕೊಂಡೇ ನಡೆದೆ. ಒಂದು ಕಡೆ ಅವಳೂ ತಪ್ಪಿದಳು, ಇಬ್ಬರೂ ಯಾರದೋ ಮನೆಯ ಗೇಟಿಗೆ ಹೋಗಿ ನಿಂತೆವು. ಒಳಗೆ ನಾಯಿ ಬೊಗಳಿತು. ಹಿಂದಕ್ಕೆ ಬಂದು ಗೋಡೆ ಹುಡುಕಿಕೊಂಡು ಮತ್ತೆ ಹೊರಟೆವು. ಯಾರೂ ನಗಲಿಲ್ಲ.

ಇವರು ಮನೆ ಮುಂದೆ ಕಾಯುತ್ತಿದ್ದರು. ಮುಖ ನನಗೆ ಕಾಣಿಸಲಿಲ್ಲ, ಬಣ್ಣದ ವಾಸನೆ ಬಂತು. ಗಂಟಲು ಸರಿಮಾಡಿಕೊಂಡರು, ತಮಾಷೆ ಶುರು ಮಾಡುವ ಮುಂಚೆ ಮಾಡುವ ಹಾಗೆ.

"ಏನಮ್ಮಾ, ಯಾರು ಯಾರನ್ನ ಕರ್ಕೊಂಡು ಬಂದ್ರಿ?"

"ನಾನು ಕರ್ಕೊಂಡು ಬಂದೆ" ಅಂದಳು ಅಕ್ಕ. "ಇವಳಿಗೆ ಇನ್ನೂ ಅಭ್ಯಾಸ ಇಲ್ಲ."